ನಾಯಿ ಸಾಕಿದ್ದೀರಾ? ಗೇಟು ಹಾಕಿದ್ದೀರಾ? ಹುಬ್ಬಳ್ಳಿ-ಧಾರವಾಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೇಶ್ವಾಪುರ ಇರಲಿ, ಮಾಳಮಡ್ಡಿ ಇರಲಿ, ನಾಯಿ ಇರುವ ಮನೆಯ ಮುಂದೆ ನಿಂತರೆ ಒಳಗಿನಿಂದ ಒಂದು ಮಾತು ಕೇಳಿಬರುತ್ತದೆ: “ಏನೂ ಮಾಡಂಗಿಲ್ರಿ, ಬರ್ರಿ ಬರ್ರಿ.” ಮಾತು ಪ್ರೀತಿಯದ್ದೇ. ಆದರೆ ಹೊರಗೆ ನಿಂತವರಿಗೆ ಅದರಿಂದ ಧೈರ್ಯ ಬರುವುದಿಲ್ಲ. ನಿಮ್ಮ ನಾಯಿಯನ್ನು ನೀವು ನಂಬಿ, ತಪ್ಪಿಲ್ಲ. ಓಣಿಯವರೆಲ್ಲ ನಂಬಲೇಬೇಕು ಅನ್ನುವುದು ಮಾತ್ರ ಸರಿಯಲ್ಲ.

ನಾಯಿ ಸಾಕಿದವರು, ಸಾಕಬೇಕು ಅಂದುಕೊಂಡವರು, ಪಕ್ಕದ ಮನೆ ನಾಯಿಗೆ ಹೆದರಿ ಓಡಾಡುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ನಾನು ನಾಯಿಗಳಿರುವ ಮನೆಯಲ್ಲೇ ಬೆಳೆದವಳು. ಹಾಗಾಗಿ ಈ ಉತ್ತರಗಳು ನಾಯಿಯ ಪರವಾಗಿಯೂ ಇವೆ, ಬೀದಿಯಲ್ಲಿ ನಡೆಯುವವರ ಪರವಾಗಿಯೂ ಇವೆ.

ಹೊತ್ತಿಗೆ ಸರಿಯಾಗಿ ಊಟ ಹಾಕ್ತೀವಿ, ಇಂಜೆಕ್ಷನ್ ಮಾಡಿಸ್ತೀವಿ. ಅಷ್ಟು ಸಾಕಲ್ವಾ?

ಸಾಲದು. ನಿಮಗೆ ಗೊತ್ತಿಲ್ಲದೆ ನಿಮ್ಮ ನಾಯಿ ಬೀದಿಗೆ ಹೋಗಬಾರದು. ಊಟ, ಔಷಧಿಯಷ್ಟೇ ಇದೂ ಮುಖ್ಯ. ಗೇಟು ದಾಟಿದ ನಾಯಿಗೆ ಏನಾದರೂ ಆಗಬಹುದು, ಅದರಿಂದ ಬೇರೆಯವರಿಗೂ ಏನಾದರೂ ಆಗಬಹುದು. ಎರಡಕ್ಕೂ ಉತ್ತರ ಹೇಳಬೇಕಾದವರು ಸಾಕಿದವರು. ನಾಯಿಗೆ ಗೇಟಿನ ಚಿಲಕ ಹಾಕಲು ಬರುವುದಿಲ್ಲ. ಆ ಕೆಲಸ ನಮ್ಮದು.

ಗೇಟು ತೆರೆದಿದ್ದರೂ ನಮ್ಮ ನಾಯಿ ಎಲ್ಲೂ ಹೋಗಲ್ಲ. ಆದರೂ ಚಿಂತೆ ಯಾಕೆ?

ದಿನಾ ಹೋಗದ ನಾಯಿ ಒಂದು ದಿನ ಹೋಗುತ್ತದೆ. ಎದುರಿಗೆ ಬೆಕ್ಕು ಓಡಿತು, ಓಣಿಯಲ್ಲಿ ಹೆಣ್ಣು ನಾಯಿ ಬೆದೆಗೆ ಬಂತು, ಯಾರೋ ಪಟಾಕಿ ಹಚ್ಚಿದರು. ಅಷ್ಟು ಸಾಕು. ಆ ಹೊತ್ತಿನಲ್ಲಿ ನೀವು ಎಷ್ಟೇ ಕೂಗಿದರೂ ಅದರ ಕಿವಿಗೆ ಬೀಳುವುದಿಲ್ಲ.

ಹೊರಗಿನ ಅಪಾಯಗಳು ಒಂದೆರಡಲ್ಲ. ಹುಬ್ಬಳ್ಳಿ ಧಾರವಾಡದ ನಡುವಿನ ದೊಡ್ಡ ರಸ್ತೆಯಲ್ಲಿ ಚಿಗರಿ ಬಸ್ಸು ತನ್ನದೇ ಪಥದಲ್ಲಿ ವೇಗವಾಗಿ ಬರುತ್ತದೆ. ಪಕ್ಕದಲ್ಲಿ ಕಂಬಿಗಳ ಸಾಲು. ಅದರ ನಡುವೆ ಸಿಕ್ಕ ನಾಯಿಗೆ ಯಾವ ಕಡೆ ಓಡಬೇಕು ಅಂತ ತಿಳಿಯುವುದಿಲ್ಲ. ಮನೆಯಲ್ಲೇ ಬೆಳೆದ ನಾಯಿ ಬೇರೆ ಓಣಿಗೆ ಹೋದರೆ ಅಲ್ಲಿನ ನಾಯಿಗಳು ಗುಂಪಾಗಿ ಮೈಮೇಲೆ ಬೀಳುತ್ತವೆ. ಪಾರ್ವೊ, ಡಿಸ್ಟೆಂಪರ್ ಅನ್ನುವ ರೋಗಗಳು, ಉಣ್ಣಿ ಜ್ವರ ಎಲ್ಲವೂ ಹೊರಗಿನಿಂದಲೇ ಹತ್ತುವುದು ಜಾಸ್ತಿ. ನಾಯಿಯನ್ನು ಒಳಗಿಡುವುದು ಬೇರೆಯವರಿಗೆ ಮಾಡುವ ಉಪಕಾರ ಅಂತ ಕೆಲವರು ಅಂದುಕೊಂಡಿದ್ದಾರೆ. ಅದರಿಂದ ಮೊದಲು ಉಳಿಯುವುದು ನಾಯಿಯ ಜೀವವೇ.

ಕಾನೂನು ಏನು ಹೇಳುತ್ತದೆ?

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಇದಕ್ಕೆಂದೇ ಇದೆ. ನಿಮ್ಮ ವಶದಲ್ಲಿರುವ ಪ್ರಾಣಿಯಿಂದ ಬೇರೆಯವರ ಜೀವಕ್ಕೆ ಅಪಾಯವಾಗದಂತೆ, ದೊಡ್ಡ ಗಾಯವಾಗದಂತೆ ನೋಡಿಕೊಳ್ಳಲು ಬೇಕಾದಷ್ಟು ಎಚ್ಚರಿಕೆ ವಹಿಸದೇ ಇದ್ದರೆ ಅದು ಅಪರಾಧ. 6 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಹಳೆಯ ದಂಡ ಸಂಹಿತೆಯ 289ನೇ ಕಲಂನಲ್ಲೂ ಇದೇ ಇತ್ತು. ಆಗ ದಂಡ 1,000 ರೂಪಾಯಿ.

ಇಲ್ಲಿ ಒಂದು ಮಾತನ್ನು ಗಮನವಿಟ್ಟು ಓದಿ. ನಾಯಿ ಕಚ್ಚಲೇಬೇಕು ಅಂತ ಈ ಕಲಂ ಹೇಳುವುದಿಲ್ಲ. ಗೊತ್ತಿದ್ದೋ ಅಲಕ್ಷ್ಯದಿಂದಲೋ ಎಚ್ಚರಿಕೆ ತೆಗೆದುಕೊಳ್ಳದಿರುವುದೇ ತಪ್ಪು. “ಇನ್ನೂ ಯಾರಿಗೂ ಕಚ್ಚಿಲ್ಲವಲ್ಲ” ಅನ್ನುವುದು ಉತ್ತರ ಆಗುವುದಿಲ್ಲ. ಇದರ ಜೊತೆಗೆ, ಗಾಯವಾದವರು ಸಿವಿಲ್ ಕೋರ್ಟಿನಲ್ಲಿ ಪರಿಹಾರ ಕೇಳುವ ದಾರಿಯೂ ತೆರೆದಿದೆ.

ನಾಯಿಯ ಪರವಾಗಿಯೂ ಕಾನೂನು ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿಡುವುದು ತಪ್ಪು. ಯಾವಾಗಲೂ ಕಟ್ಟಿಯೇ ಇಡುವ ನಾಯಿಗೆ ಓಡಾಟ, ವ್ಯಾಯಾಮ ಕೊಡದೇ ಇರುವುದೂ ತಪ್ಪು. ಮೈ ಅಲ್ಲಾಡಿಸಲು ಆಗದಷ್ಟು ಚಿಕ್ಕ ಪಂಜರದಲ್ಲಿ ಇಡುವುದೂ ತಪ್ಪೇ. ಈ ಕಾಯ್ದೆಯಲ್ಲಿ ಮೊದಲ ಸಲದ ದಂಡ 10ರಿಂದ 50 ರೂಪಾಯಿ ಅಷ್ಟೇ ಇದೆ. ಇಷ್ಟು ವರ್ಷವಾದರೂ ಅದು ಹಾಗೇ ಉಳಿದಿರುವುದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಪರವಾನಗಿ, ನೋಂದಣಿಗೆ ಸಂಬಂಧಿಸಿದ ಈಗಿನ ನಿಯಮಗಳನ್ನು ಮಹಾನಗರ ಪಾಲಿಕೆಯ ನಿಮ್ಮ ವಲಯ ಕಚೇರಿಯಲ್ಲಿ ಕೇಳಿ. ಗದಗ, ಹಾವೇರಿಯವರು ನಗರಸಭೆಯಲ್ಲಿ ಕೇಳಿ. ಹೋಗುವಾಗ ರೇಬೀಸ್ ಲಸಿಕೆಯ ಪುಸ್ತಕ ಕೈಯಲ್ಲಿರಲಿ.

ಗೇಟು, ಕಾಂಪೌಂಡು ಹೇಗಿರಬೇಕು?

ಹುಬ್ಬಳ್ಳಿ ಕಡೆಯವರು ಮೊದಲು ಕಾಲ ಕೆಳಗಿನ ಮಣ್ಣು ನೋಡಬೇಕು. ನಮ್ಮದು ಎರೆ ಮಣ್ಣು. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಎರಡು ಮೂರು ವರ್ಷದಲ್ಲಿ ಗೇಟಿನ ಕಂಬ ಒಂದಿಷ್ಟು ವಾಲುತ್ತದೆ. ಆಗ ಚಿಲಕ ತೂತಿಗೆ ಸರಿಯಾಗಿ ಕೂಡುವುದಿಲ್ಲ. ಮನೆಯವರು ಗೇಟನ್ನು ಸ್ವಲ್ಪ ಎತ್ತಿ, ಒತ್ತಿ, ಚಿಲಕ ಜಾರಿಸುವುದನ್ನು ರೂಢಿ ಮಾಡಿಕೊಳ್ಳುತ್ತಾರೆ. ಮನೆಗೆ ಬಂದ ನೆಂಟರಿಗೆ, ಕೆಲಸದವರಿಗೆ ಈ ಎತ್ತುವುದು ಒತ್ತುವುದು ಗೊತ್ತಿರುವುದಿಲ್ಲ. ಅವರು ಗೇಟು ಎಳೆದುಕೊಂಡು ಹೋಗುತ್ತಾರೆ. ನೋಡಿದರೆ ಮುಚ್ಚಿದಂತೆಯೇ ಕಾಣುತ್ತದೆ. ನಾಯಿ ಮೂಗಿನಿಂದ ತಳ್ಳಿದರೆ ಸಾಕು, ತೆರೆದುಕೊಳ್ಳುತ್ತದೆ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ವೆಲ್ಡಿಂಗ್‌ನವರನ್ನು ಕರೆದು ಚಿಲಕ ಸರಿ ಮಾಡಿಸಿ. ಗೊತ್ತಿಲ್ಲದವರು ಒಂದೇ ಕೈಯಲ್ಲಿ ಹಾಕಿದರೂ ಬೀಳುವಂಥ ಚಿಲಕ ಇರಬೇಕು.

ಗೇಟಿನ ಕೆಳಗಿನ ಸಂದಿಯನ್ನು ಬಹಳ ಜನ ಮರೆಯುತ್ತಾರೆ. ತಲೆ ತೂರಿದರೆ ಮರಿಯ ಮೈಯೂ ತೂರುತ್ತದೆ. ಕಂಬಿಗಳ ನಡುವೆ ಜಾಸ್ತಿ ಅಂತರವಿದ್ದರೆ ಕೆಳಗಿನ ಎರಡು ಅಡಿಗೆ ಜಾಳಿಗೆ ಬೆಸೆಯಿಸಿ. ಮಣ್ಣು ಕೆದರುವ ನಾಯಿ ಇದ್ದರೆ ಗೇಟಿನ ಅಡಿಗೆ ಶಹಾಬಾದಿ ಫರ್ಸಿ ಹಾಸಿ ಸಿಮೆಂಟ್ ಹಾಕಿಸಿ. ಗೋಡೆ ಗುಂಟ ಇಟ್ಟ ಇಟ್ಟಿಗೆ ರಾಶಿ, ನೀರಿನ ಡ್ರಮ್ಮು, ಹಳೇ ಸ್ಕೂಟರು ಇವೆಲ್ಲ ನಾಯಿಗೆ ಮೆಟ್ಟಿಲು. ಗೋಡೆ ಐದು ಅಡಿ ಇದ್ದರೂ ಡ್ರಮ್ಮಿನ ಮೇಲಿಂದ ಅದು ಎರಡೇ ಅಡಿ. ಗೋಡೆಯ ಮೇಲೆ ಗಾಜಿನ ಚೂರು ಮಾತ್ರ ಹಾಕಬೇಡಿ. ಜಿಗಿಯುವ ನಾಯಿ ಅದನ್ನು ನೋಡಿ ನಿಲ್ಲುವುದಿಲ್ಲ, ಹೊಟ್ಟೆ ಸೀಳಿಕೊಳ್ಳುತ್ತದೆ.

ಜಾಗ ಇದ್ದರೆ ಒಳಗೊಂದು ಚಿಕ್ಕ ಗೇಟು ಮಾಡಿಸಿ. ಹೊರಗಿನದು ತೆರೆದಾಗ ಒಳಗಿನದು ಮುಚ್ಚಿರಬೇಕು. ಖರ್ಚು ಮಾಡುವುದಾದರೆ ಇದಕ್ಕೇ ಮಾಡಿ ಅಂತ ನಾನು ಹೇಳುತ್ತೇನೆ. ಯಾಕೆಂದರೆ ನಮ್ಮ ಊರಿನಲ್ಲಿ ಗೇಟು ತೆರೆದೇ ಇರುವ ಹೊತ್ತುಗಳು ಇವೆ. ನಳಕ್ಕೆ ನೀರು ಬಿಟ್ಟ ದಿನ ನೆನಪಿಸಿಕೊಳ್ಳಿ. ಪೈಪು ಗೇಟಿನ ಅಡ್ಡ ಬಿದ್ದಿರುತ್ತದೆ, ಮನೆಮಂದಿಯೆಲ್ಲ ಕೊಡ, ಟಾಕಿ ಅಂತ ಓಡಾಡುತ್ತಿರುತ್ತಾರೆ, ನಾಯಿ ಕಡೆ ಯಾರ ಲಕ್ಷ್ಯವೂ ಇರುವುದಿಲ್ಲ. ಬೆಳಗ್ಗೆ ಕಸದ ಗಾಡಿ ಬಂದಾಗಲೂ ಇದೇ ಕಥೆ. ಈ ಎರಡು ಹೊತ್ತಿಗೆ ನಾಯಿ ಒಳಗಿನ ಕೋಣೆಯಲ್ಲೋ ಹಿತ್ತಲಲ್ಲೋ ಇರುವುದು ಮನೆಯ ಪದ್ಧತಿ ಆಗಬೇಕು.

ಇಷ್ಟೆಲ್ಲ ಯಾಕೆ? ಕಟ್ಟಿ ಹಾಕಿದರೆ ಆಯ್ತಲ್ಲ?

ಸ್ವಲ್ಪ ಹೊತ್ತು ಕಟ್ಟಬಹುದು. ಯಾರಾದರೂ ಬಂದಾಗ, ಅಂಗಳ ತೊಳೆಯುವಾಗ, ಗೇಟಿನ ಕೆಲಸ ನಡೆದಾಗ. ಆದರೆ ಬೆಳಗಿನಿಂದ ರಾತ್ರಿವರೆಗೆ ಸರಪಳಿಯಲ್ಲಿ ಇದ್ದ ನಾಯಿ ಸಿಟ್ಟಿನ ನಾಯಿ ಆಗುತ್ತದೆ. ಹೆದರಿಕೆಯಾದರೆ ದೂರ ಸರಿಯಲು ಅದಕ್ಕೆ ದಾರಿಯಿಲ್ಲ. ದಾರಿಯಿಲ್ಲದ ನಾಯಿ ಬೊಗಳುತ್ತದೆ, ಮೈಮೇಲೆ ಬರುತ್ತದೆ. ಕೊಂಡಿ ಕಳಚಿದ ದಿನ ಆ ಸಿಟ್ಟೆಲ್ಲ ಎದುರಿಗೆ ಸಿಕ್ಕವರ ಮೇಲೆ. “ಕಟ್ಟಿದ್ರ ಕಾವಲು ಚೊಲೊ ಮಾಡ್ತಾವ್ರಿ” ಅನ್ನುವವರು ಇದ್ದಾರೆ. ಸರಪಳಿಯ ಉದ್ದದಾಚೆಗೆ ಹೋಗಲಾರದ ನಾಯಿ ಯಾವ ಕಾವಲು ಮಾಡೀತು?

ಕಟ್ಟಲೇಬೇಕಾದರೆ ನೆರಳಿನಲ್ಲಿ ಕಟ್ಟಿ. ನೀರಿನ ಪಾತ್ರೆ ಬಾಯಿಗೆ ಎಟಕುವಂತಿರಲಿ, ಉರುಳದಂತಿರಲಿ. ಮೆಟ್ಟಿಲ ಹತ್ತಿರ, ಗೋಡೆಯ ಪಕ್ಕ, ಮಾಳಿಗೆಯ ಅಂಚಿಗೆ ಕಟ್ಟಬೇಡಿ. ನಾಯಿ ಆಚೆ ಜಿಗಿದರೆ ಕೊರಳಿಗೆ ಸರಪಳಿ ಬಿಗಿದು ನೇತಾಡುತ್ತದೆ, ಯಾರೂ ನೋಡದಿದ್ದರೆ ಸತ್ತೇ ಹೋಗುತ್ತದೆ. ಕೊರಳಪಟ್ಟಿ ಮತ್ತು ಕುತ್ತಿಗೆಯ ನಡುವೆ ಎರಡು ಬೆರಳು ಸುಲಭವಾಗಿ ಹೋಗಬೇಕು. ಬೆಳೆಯುವ ಮರಿಗಳ ಪಟ್ಟಿಯನ್ನು ವಾರಕ್ಕೊಮ್ಮೆ ನೋಡಿ. ಪಟ್ಟಿ ಚರ್ಮದೊಳಗೆ ಇಳಿದು ಕೀವು ಕಟ್ಟಿದ ಕೊರಳು ಒಮ್ಮೆ ನೋಡಿದವರು ಮರೆಯುವುದಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಶೆಡ್ಡಿನೊಳಗೆ ಕೂಡಿ ಹಾಕಬೇಡಿ. ಗದಗದ ಬಿಸಿಲಿಗಂತೂ ಮಧ್ಯಾಹ್ನ ಆ ಶೆಡ್ಡಿನೊಳಗೆ ಮನುಷ್ಯರೇ ನಿಲ್ಲಲು ಆಗುವುದಿಲ್ಲ. ನಾಯಿಗೆ ನಮ್ಮಂತೆ ಮೈತುಂಬ ಬೆವರು ಬರುವುದಿಲ್ಲ. ಏದುಸಿರು ಬಿಟ್ಟೇ ಅದು ಮೈ ತಂಪು ಮಾಡಿಕೊಳ್ಳಬೇಕು.

ನಮ್ಮದು ಓಣಿ ಮನೆ. ಕಾಂಪೌಂಡೇ ಇಲ್ಲ. ನಾಯಿ ಸಾಕಬಾರದಾ?

ಸಾಕಬಹುದು. ಹಾಗಂದರೆ ನಾಯಿ ಮನೆಯೊಳಗೆ ಇರಬೇಕು, ಹೊರಗೆ ಬಂದಾಗ ಹಗ್ಗ ನಿಮ್ಮ ಕೈಯಲ್ಲಿ ಇರಬೇಕು. ಬಾಗಿಲಿಗೆ ಮೂರು ಅಡಿಯ ಜಾಳಿಗೆ ಬಾಗಿಲೊಂದು ಮಾಡಿಸಿದರೆ ಗಾಳಿಯೂ ಬರುತ್ತದೆ, ಚಿಕ್ಕ ನಾಯಿ ಒಳಗೂ ಇರುತ್ತದೆ. ಕಟ್ಟೆಯ ಮೇಲೆ ಬಿಟ್ಟು ಒಳಗೆ ಅಡುಗೆ ಮಾಡುವುದು ಬೇಡ. ಒಳಗೆ ಜಾಗ ಕೊಡಲು ಮನಸ್ಸಿಲ್ಲ, ಹೊರಗೆ ಗೋಡೆ ಇಲ್ಲ ಅಂದರೆ ಸದ್ಯಕ್ಕೆ ನಾಯಿ ತರಬೇಡಿ. ಮಕ್ಕಳು ಎಷ್ಟು ಹಟ ಮಾಡಿದರೂ ತರಬೇಡಿ.

ಮಾಳಿಗೆ ಮೇಲೆ ಬಿಟ್ಟರೆ?

ಸುತ್ತ ಎದೆಮಟ್ಟದ ಗೋಡೆ, ನೆರಳು, ನೀರು ಮೂರೂ ಇದ್ದರೆ ಸಂಜೆ ಹೊತ್ತು ಬಿಡಬಹುದು. ಇಡೀ ದಿನ ಒಂಟಿಯಾಗಿ ಬೇಡ.

ಮುಧೋಳ ನಾಯಿ ತರಬೇಕು ಅಂತಿದ್ದೇವೆ. ನಮ್ಮ ಮನೆಗೆ ಹೊಂದುತ್ತಾ?

ಪಕ್ಕದ ಬಾಗಲಕೋಟೆ ಜಿಲ್ಲೆಯ ತಳಿ, ನಮ್ಮ ಹೆಮ್ಮೆ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತು. ಸೇನೆಗೂ ಮುಧೋಳ ನಾಯಿಗಳನ್ನು ಸೇರಿಸಿಕೊಂಡಿದ್ದಾರೆ. ಹುಬ್ಬಳ್ಳಿ, ಗದಗ ಕಡೆ ಈ ನಾಯಿ ಸಾಕುವವರು ಬಹಳ ಜನ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಇದು ಕಣ್ಣಿನಿಂದ ಬೇಟೆ ಹುಡುಕುವ ನಾಯಿ. ವಾಸನೆ ಹಿಡಿದು ನಿಧಾನ ಹೋಗುವುದಲ್ಲ. ದೂರದಲ್ಲಿ ಏನೋ ಅಲ್ಲಾಡಿತು, ಕಣ್ಣಿಗೆ ಬಿತ್ತು, ಹೊರಟಿತು. ಓಡುವುದು ಅದರ ರಕ್ತದಲ್ಲೇ ಇದೆ. ಹಾಗಾಗಿ ಗೇಟು ತೆರೆದಿದ್ದರೆ “ಬಾ” ಅನ್ನುವಷ್ಟರಲ್ಲಿ ಅದು ಓಣಿಯ ಕೊನೆಯಲ್ಲಿರುತ್ತದೆ. ಸೈಕಲ್ ಹುಡುಗ, ಓಡುವ ಮಗು, ಬೆಕ್ಕು, ಕೋಳಿ, ಆಡಿನ ಮರಿ ಎಲ್ಲವೂ ಅದಕ್ಕೆ ಒಂದೇ. ಉದ್ದ ಕಾಲು, ಹಗುರ ಮೈ, ಎರಡು ಅಡಿಗೂ ಮೀರಿದ ಎತ್ತರ. ನಾಲ್ಕು ಅಡಿ ಗೋಡೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ಆರು ಅಡಿ ಗೋಡೆ, ದಿನಕ್ಕೆ ಎರಡು ಸಲ ಚೆನ್ನಾಗಿ ಓಡಾಟ, ಓಡಿಸಲು ಸುತ್ತ ಬೇಲಿ ಇರುವ ಬಯಲು, ಇಷ್ಟು ಇದ್ದರೆ ತನ್ನಿ. ಕೊರಳು ತೆಳ್ಳಗೆ, ತಲೆ ಇನ್ನೂ ತೆಳ್ಳಗೆ ಇರುವುದರಿಂದ ಸಾಮಾನ್ಯ ಪಟ್ಟಿ ಹಿಂದಕ್ಕೆ ಜಾರಿ ಕಳಚುತ್ತದೆ. ಅಗಲ ಪಟ್ಟಿ ಅಥವಾ ಎದೆಗೆ ಹಾಕುವ ಬೆಲ್ಟ್ ತೆಗೆದುಕೊಳ್ಳಿ. ಎರಡು ಕೋಣೆಯ ಬಾಡಿಗೆ ಮನೆಯ ಕಿಟಕಿಗೆ ಕಟ್ಟಿದ ಮುಧೋಳ ನಾಯಿಯನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಕೆಲವು ತಳಿಗಳಿಗೆ ನಿಷೇಧ ಇದೆಯಂತೆ?

2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರ 23 ತಳಿಗಳನ್ನು ಅಪಾಯಕಾರಿ ಅಂತ ಹೆಸರಿಸಿ ರಾಜ್ಯಗಳಿಗೆ ಪತ್ರ ಬರೆದಿತ್ತು. ಪಿಟ್‌ಬುಲ್, ರಾಟ್‌ವೀಲರ್ ಆ ಪಟ್ಟಿಯಲ್ಲಿದ್ದವು. ಸಂಬಂಧಪಟ್ಟವರನ್ನು ಕೇಳದೆ ಮಾಡಿದ್ದು ಅಂತ ಕರ್ನಾಟಕ ಹೈಕೋರ್ಟ್ ಅದೇ ವರ್ಷ ಏಪ್ರಿಲ್ 10ರಂದು ಅದನ್ನು ರದ್ದು ಮಾಡಿತು. ಹಾಗಂತ ರಾಟ್‌ವೀಲರ್ ತಂದವರ ಹೊಣೆ ಕಡಿಮೆ ಆಗುವುದಿಲ್ಲ. ದವಡೆಯ ಬಲ ಜಾಸ್ತಿ ಇದ್ದಷ್ಟೂ ಗೇಟಿನ ಬಲವೂ ಜಾಸ್ತಿ ಇರಬೇಕು.

ಹಬ್ಬದ ದಿನ ಏನು ಮಾಡಬೇಕು?

ದೀಪಾವಳಿ, ಗಣಪತಿ ಕಳಿಸುವ ದಿನ, ಹೋಳಿ, ಈ ಮೂರು ಹೊತ್ತಿನಲ್ಲಿ ನಾಯಿ ಕಳೆದುಕೊಳ್ಳುವವರು ಜಾಸ್ತಿ. ಹುಬ್ಬಳ್ಳಿಯಲ್ಲಿ ಹೋಳಿ ಅಂದರೆ ರಂಗಪಂಚಮಿವರೆಗೂ ಹಲಗಿ ಸಪ್ಪಳ. ನಮಗೆ ಅದು ಹಬ್ಬ. ನಾಯಿಗೆ ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗದ ಗುಡುಗು. ಸಂಜೆಗೆ ಮೊದಲೇ ಸುತ್ತಾಡಿಸಿ ತನ್ನಿ. ಆಮೇಲೆ ಬೀದಿಗೆ ದೂರವಾದ ಕೋಣೆಯಲ್ಲಿ ಬಿಡಿ, ಕಿಟಕಿ ಮುಚ್ಚಿ, ಫ್ಯಾನ್ ಅಥವಾ ಟಿವಿ ಹಚ್ಚಿ. ಯಾರಾದರೂ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು. ಅಂದು ಗೇಟಿಗೆ ಚಿಲಕ ಸಾಲದು, ಕೀಲಿ ಹಾಕಿ. ಹೆದರಿದ ನಾಯಿಯನ್ನು ಪಟಾಕಿ ರೂಢಿಯಾಗಲಿ ಅಂತ ಹೊರಗೆ ತಂದು ನಿಲ್ಲಿಸುವವರಿದ್ದಾರೆ. ದಯವಿಟ್ಟು ಬೇಡ.

ಮೀಟರ್ ನೋಡುವವರು, ಪಾರ್ಸೆಲ್ ತರುವವರು ಬಂದರೆ?

ಹೆಸ್ಕಾಂನ ಕರೆಂಟ್ ಮೀಟರ್ ಗೇಟಿನ ಒಳಗೆ, ಗೋಡೆಯ ಮೂಲೆಯಲ್ಲಿ ಇರುವ ಮನೆಗಳೇ ಜಾಸ್ತಿ. ಮೀಟರ್ ನೋಡುವ ಹುಡುಗ ಗೇಟು ಬಡಿದು, ಎರಡು ಹೆಜ್ಜೆ ಹಿಂದೆ ನಿಂತು, “ಅಕ್ಕಾರ, ನಾಯಿ ಹಿಡ್ಕೊರಿ” ಅಂತ ಕೂಗುತ್ತಾನೆ. ಒಳಗಿನಿಂದ “ಬಾರಪ್ಪ, ಅದೇನ್ ಮಾಡಂಗಿಲ್ಲ” ಅಂತ ಉತ್ತರ. ಅವನ ಕಣ್ಣು ಮೀಟರಿನ ಮೇಲಿಲ್ಲ, ನಾಯಿಯ ಬಾಲದ ಮೇಲಿದೆ. ಒಂದು ಕೈಯಲ್ಲಿ ಮಷಿನ್ನು, ಇನ್ನೊಂದು ಕೈ ಗೇಟಿನ ಮೇಲೇ ಇದೆ, ಓಡಬೇಕಾದರೆ ಅಂತ. ದಿನಕ್ಕೆ ಎಷ್ಟು ಮನೆ ಹೀಗೆ ತಿರುಗಬೇಕೋ ಪಾಪ.

ಅವನು ಕೇಳುವ ಮೊದಲೇ ನಾಯಿ ಒಳಗೆ ಹೋಗಬೇಕು. “ನಾಯಿ ಇದೆ, ಎಚ್ಚರಿಕೆ” ಅನ್ನುವ ಫಲಕದ ಜೊತೆ ಒಂದು ಕರೆಗಂಟೆಯನ್ನು ಗೇಟಿನ ಹೊರಗೇ ಹಾಕಿಸಿ. ಫಲಕ ಹಾಕಿದ ಮಾತ್ರಕ್ಕೆ ಹೊಣೆ ಮುಗಿಯುವುದಿಲ್ಲ. ನಾಯಿ ಇದೆ ಅಂತ ನಿಮಗೂ ಗೊತ್ತಿತ್ತು ಅನ್ನುವುದಕ್ಕೆ ಅದೇ ಸಾಕ್ಷಿ ಆಗಬಹುದು. ಹಾಲಿನವರು, ಪೇಪರ್ ಹುಡುಗರಿಗೆ ಗೇಟಿನ ಹೊರಗೊಂದು ಪೆಟ್ಟಿಗೆ ಇಟ್ಟರೆ ಅವರು ಒಳಗೆ ಬರುವ ಪ್ರಶ್ನೆಯೇ ಇಲ್ಲ.

ವಾಕಿಂಗ್‌ಗೆ ಕರೆದೊಯ್ಯುವಾಗ?

ಹಗ್ಗ ಕಡ್ಡಾಯ. ನಾಲ್ಕರಿಂದ ಆರು ಅಡಿ ಸಾಕು. ಉದ್ದಕ್ಕೆ ಬಿಚ್ಚಿಕೊಳ್ಳುವ ಹಗ್ಗ ಜನಸಂದಣಿಯಲ್ಲಿ ಬೇಡ, ಬೇರೆಯವರ ಕಾಲಿಗೆ ಸುತ್ತುತ್ತದೆ. ಹಗ್ಗ ಹಿಡಿದವರಿಗೆ ನಾಯಿಯನ್ನು ತಡೆಯುವ ಶಕ್ತಿ ಇರಬೇಕು. ಎಂಟು ವರ್ಷದ ಹುಡುಗನ ಕೈಗೆ ಲ್ಯಾಬ್ರಡಾರ್ ಕೊಟ್ಟು ಕಳಿಸಿದರೆ ನಾಯಿಯೇ ಹುಡುಗನನ್ನು ಎಳೆದುಕೊಂಡು ಹೋಗುತ್ತದೆ.

ಬೆಳಗ್ಗೆ ಉಣಕಲ್ ಕೆರೆಯ ಕಡೆ, ಕೆಲಗೇರಿ ಕೆರೆಯ ಕಡೆ ವಯಸ್ಸಾದವರು ಬಹಳ ಜನ ನಡೆಯುತ್ತಾರೆ. ನಾಯಿ ಪ್ರೀತಿಯಿಂದಲೇ ಮೈಮೇಲೆ ಜಿಗಿದರೂ ಅಂಥವರು ಬಿದ್ದರೆ ಸೊಂಟದ ಎಲುಬು ಮುರಿಯುತ್ತದೆ. ಎದುರಿನವರು ಪಕ್ಕಕ್ಕೆ ಸರಿದರೆ ನೀವೂ ಹಗ್ಗ ಗಿಡ್ಡ ಮಾಡಿ, ಸರಿದು ನಿಲ್ಲಿ. ಕಚ್ಚುವ ರೂಢಿ ಇದ್ದರೆ ಬಾಯಿಕುಕ್ಕೆ ಹಾಕಿ. ಬಾಯಿ ತೆರೆದು ಉಸಿರಾಡಲು, ನೀರು ಕುಡಿಯಲು ಆಗುವ ಬುಟ್ಟಿಯಂಥದ್ದೇ ಇರಲಿ. ಹೇಲು ಎತ್ತಲು ಹಳೇ ಪೇಪರ್ ತೆಗೆದುಕೊಂಡು ಹೋಗಿ.

ನಮ್ಮದು ಹೊಲದ ಮನೆ. ಇಲ್ಲಿ ಬಿಟ್ಟರೆ ಯಾರಿಗೆ ತೊಂದರೆ?

ಕುರಿಗಾರರಿಗೆ. ಸುಗ್ಗಿ ಮುಗಿದ ಮೇಲೆ ನಮ್ಮ ಹೊಲಗಳಲ್ಲಿ ಕುರಿ ಹಿಂಡು ನಿಲ್ಲಿಸುತ್ತಾರೆ. ಒಂದು ನಾಯಿ ಹಿಂಡಿನೊಳಗೆ ನುಗ್ಗಿದರೆ ಕಚ್ಚಿದ್ದು ಎರಡೇ ಇರಬಹುದು, ಬೆದರಿ ತುಳಿದಾಟದಲ್ಲಿ ಹೋಗುವ ಮರಿಗಳು ಬೇರೆ. ಆ ನಷ್ಟ ನಾಯಿ ಸಾಕಿದವರು ತುಂಬಿಕೊಡಬೇಕು. ಅದು ನ್ಯಾಯ.

ಕಾಡುಪ್ರಾಣಿಗಳೂ ಇವೆ. ಹಾವೇರಿ ಜಿಲ್ಲೆಯಲ್ಲಿ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಇದೆ, ಗದಗದಲ್ಲಿ ಕಪ್ಪತಗುಡ್ಡ ಇದೆ. ಕೃಷ್ಣಮೃಗಗಳು ಅರಣ್ಯದ ಗಡಿ ನೋಡಿಕೊಂಡು ಮೇಯುವುದಿಲ್ಲ, ಹೊಲಗಳಿಗೂ ಬರುತ್ತವೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಪ್ರಾಣಿಯನ್ನು ಬೆನ್ನಟ್ಟಿಸುವುದೂ ಬೇಟೆಯೇ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ಆ ಕೆರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಅಷ್ಟು ದೂರ ಹಾರಿ ಬಂದ ಹಕ್ಕಿಗಳನ್ನು ನಮ್ಮ ನಾಯಿಗಳು ಎಬ್ಬಿಸಿ ಓಡಿಸಬಾರದು. ನೋಡಲು ಹೋಗುವಾಗ ನಾಯಿಯನ್ನು ಮನೆಯಲ್ಲೇ ಬಿಡಿ.

ಮರಿ ಆಗದಂತೆ ಶಸ್ತ್ರಚಿಕಿತ್ಸೆ ಮಾಡಿಸಿದರೆ ತಪ್ಪಿಸಿಕೊಳ್ಳುವುದು ಕಡಿಮೆ ಆಗುತ್ತಾ?

ಹೌದು, ಮುಖ್ಯವಾಗಿ ಗಂಡು ನಾಯಿಗಳಲ್ಲಿ. ಬೆದೆಗೆ ಬಂದ ಹೆಣ್ಣಿನ ವಾಸನೆಗೆ ಗೋಡೆ ಹಾರುವ ಆಸೆ ತಗ್ಗುತ್ತದೆ. ಹೆಣ್ಣು ನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ, ಪ್ರತಿ ಸಲ ಸುಮಾರು ಮೂರು ವಾರ ಬೆದೆಯಲ್ಲಿರುತ್ತದೆ. ಆಗ ಓಣಿಯ ಗಂಡು ನಾಯಿಗಳೆಲ್ಲ ನಿಮ್ಮ ಗೇಟಿನ ಮುಂದೆ. ಒಂದು ಸಲ ಹೊರಗೆ ಹೋಗಿ ಬಂದರೆ ಸುಮಾರು 63 ದಿನಕ್ಕೆ ಮರಿಗಳು. ಆ ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಮಾರ್ಕೆಟ್ಟಿನ ಹತ್ತಿರ ಬಿಟ್ಟು ಬರುವುದು ನಮ್ಮಲ್ಲಿ ನಡೆದೇ ಇದೆ. ಬೀದಿ ನಾಯಿ ಜಾಸ್ತಿಯಾದವು ಅಂತ ದೂರುವ ಮೊದಲು ಇದನ್ನು ನೋಡಬೇಕು.

ಬೀದಿ ನಾಯಿಗೆ ದಿನಾ ಅನ್ನ ಹಾಕುತ್ತೇವೆ. ಅದು ನಮ್ಮದೇ ಆಗುತ್ತಾ?

ಅನ್ನ ಹಾಕಿದ ಮಾತ್ರಕ್ಕೆ ಆಗುವುದಿಲ್ಲ. ಬೀದಿ ನಾಯಿಗಳಿಗೆ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಿವೆ. ಊಟ ಹಾಕುವ ಜಾಗ ಮೆಟ್ಟಿಲು, ಬಾಗಿಲು, ಮಕ್ಕಳು ಆಡುವ ಜಾಗದಿಂದ ದೂರ ಇರಬೇಕು ಅಂತ ಅದರಲ್ಲಿದೆ. ಆದರೆ ಆ ನಾಯಿಗೆ ಕೊರಳಪಟ್ಟಿ ಹಾಕಿ, ಹೆಸರಿಟ್ಟು, ರಾತ್ರಿ ನಿಮ್ಮ ಕಾಂಪೌಂಡಿನಲ್ಲಿ ಮಲಗಿಸಿ, ಕಚ್ಚಿದ ದಿನ ಮಾತ್ರ “ಅದು ನಮ್ದಲ್ರಿ” ಅನ್ನುವುದು ಸರಿಯಲ್ಲ. ಮನೆಯೊಳಗೆ ಸೇರಿಸಿಕೊಂಡ ಮೇಲೆ ಲಸಿಕೆ, ಗೇಟು, ಹಗ್ಗ ಎಲ್ಲವೂ ನಿಮ್ಮ ಪಾಲಿಗೆ ಬರುತ್ತವೆ.

ನಮ್ಮ ನಾಯಿ ಯಾರಿಗಾದರೂ ಕಚ್ಚಿದರೆ ಏನು ಮಾಡಬೇಕು?

ಮೊದಲು ನಾಯಿಯನ್ನು ಒಳಗೆ ಹಾಕಿ ಬಾಗಿಲು ಮುಚ್ಚಿ. ಹೊಡೆಯುತ್ತ ನಿಲ್ಲಬೇಡಿ, ಆ ಹೊತ್ತು ಕಚ್ಚಿಸಿಕೊಂಡವರಿಗೆ ಬೇಕು. ಅವರನ್ನು ಕೂರಿಸಿ, ಹರಿಯುವ ನೀರು ಮತ್ತು ಸಾಬೂನಿನಲ್ಲಿ ಗಾಯವನ್ನು 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡು ತೊಳೆಯಿರಿ, 15 ನಿಮಿಷ ನಾವು ಅಂದುಕೊಂಡಿದ್ದಕ್ಕಿಂತ ಉದ್ದ. ರೇಬೀಸ್ ವೈರಸ್ಸನ್ನು ಗಾಯದಲ್ಲೇ ತೊಳೆದುಹಾಕುವ ಅವಕಾಶ ಅದೊಂದೇ. ಅರಿಶಿನ, ಸುಣ್ಣ, ಖಾರದ ಪುಡಿ, ಕಾಫಿ ಪುಡಿ ಏನನ್ನೂ ಮೆತ್ತಬೇಡಿ. ಬಿಗಿಯಾಗಿ ಪಟ್ಟಿ ಕಟ್ಟಬೇಡಿ.

ಆಮೇಲೆ ನಿಮ್ಮದೇ ಗಾಡಿಯಲ್ಲಿ ಆಸ್ಪತ್ರೆಗೆ ಕರೆದೊಯ್ಯಿರಿ. ಅಂದೇ ಹೋಗಬೇಕು, ನಾಳೆ ಅಲ್ಲ. ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಧಾರವಾಡದ ಜಿಲ್ಲಾ ಆಸ್ಪತ್ರೆ, ತಾಲ್ಲೂಕು ಆಸ್ಪತ್ರೆ ಹೀಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆ ಉಚಿತ. ಚರ್ಮದೊಳಗೆ ಕೊಡುವ ಲಸಿಕೆ 0, 3, 7 ಮತ್ತು 28ನೇ ದಿನ ಇರುತ್ತದೆ. ರಕ್ತ ಬಂದ ಗಾಯ ಇದ್ದರೆ ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್ ಅನ್ನುವ ಇನ್ನೊಂದು ಇಂಜೆಕ್ಷನ್ ಬೇಕಾಗುತ್ತದೆ. ಅದು ಬೇಕಾ ಅಂತ ಡಾಕ್ಟರನ್ನು ಕೇಳಲು ಮರೆಯಬೇಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಜೀವ ಉಳಿಯುವುದಿಲ್ಲ ಅಂತಲೇ ಹೇಳಬೇಕು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

“ನಮ್ಮ ನಾಯಿಗೆ ಲಸಿಕೆ ಆಗಿದೆ, ನಿಮಗೆ ಬೇಡ” ಅಂತ ನೀವು ತೀರ್ಮಾನ ಮಾಡಬೇಡಿ. ಲಸಿಕೆ ಪುಸ್ತಕದ ಫೋಟೊ ಅವರಿಗೆ ಕೊಡಿ, ಡಾಕ್ಟರ್ ನೋಡಲಿ. ನಾಯಿಯನ್ನು 10 ದಿನ ಮನೆಯಲ್ಲೇ ಬೇರೆ ಇಟ್ಟು ಗಮನಿಸಿ, ಪಶುವೈದ್ಯರಿಗೆ ತೋರಿಸಿ. ಆ 10 ದಿನದೊಳಗೆ ಅದನ್ನು ಎಲ್ಲೋ ಬಿಟ್ಟು ಬರುವುದು, ಕೊಲ್ಲುವುದು ಮಾಡಿದರೆ ಕಚ್ಚಿಸಿಕೊಂಡವರಿಗೆ ತಿಳಿಯಬೇಕಾದ ವಿಷಯವೇ ಇಲ್ಲದಂತಾಗುತ್ತದೆ.

ಖರ್ಚನ್ನು ಅವರು ಕೇಳುವ ಮೊದಲೇ ಕೊಡಿ. ಕೂಲಿ ಹೋದ ದಿನಗಳದ್ದನ್ನೂ ಸೇರಿಸಿ. ಅವರ ಮನೆಗೆ ಹೋಗಿ “ನಮ್ಮದು ತಪ್ಪಾತ್ರಿ” ಅನ್ನಿ. ನಾಲ್ಕೂ ಇಂಜೆಕ್ಷನ್ ಆಗುವವರೆಗೂ ವಿಚಾರಿಸುತ್ತಿರಿ. ಮೂರನೆಯದಕ್ಕೆ ಗಾಯ ಒಣಗಿರುತ್ತದೆ, ನಾಲ್ಕನೆಯದನ್ನು ಬಿಟ್ಟುಬಿಡುವವರು ಇದ್ದಾರೆ. ನೆನಪು ಮಾಡುವ ಕೆಲಸ ನಿಮ್ಮದು.

ನಾಯಿಗೆ ಲಸಿಕೆ ಯಾವಾಗ?

ಮೂರು ತಿಂಗಳಿಗೆ ಮೊದಲ ರೇಬೀಸ್ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದ ದಿನಕ್ಕೆ ಬೂಸ್ಟರ್, ಮುಂದೆ ವರ್ಷಕ್ಕೊಮ್ಮೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಸಮಯದಲ್ಲಿ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಶಿಬಿರ ನಡೆಯುವುದುಂಟು, ವಿಚಾರಿಸಿ.

ನಾಯಿ ತಪ್ಪಿಸಿಕೊಂಡು ಹೋಯ್ತು. ಈಗ?

ಹಿಂದೆ ಓಡಬೇಡಿ. ಓಡಿದರೆ ಅದು ಆಟ ಅಂದುಕೊಂಡೋ ಹೆದರಿಯೋ ಇನ್ನೂ ದೂರ ಓಡುತ್ತದೆ. ಕಣ್ಣಿಗೆ ಕಾಣುವಷ್ಟು ದೂರ ಇದ್ದರೆ ಕೆಳಗೆ ಕೂತು, ಸಮಾಧಾನದ ದನಿಯಲ್ಲಿ ಹೆಸರು ಕರೆಯಿರಿ. ಬಿಸ್ಕತ್ ಪ್ಯಾಕೆಟ್ ಸಪ್ಪಳ ಮಾಡಿ. ಕಾಣದಿದ್ದರೆ ಒಬ್ಬರು ಗೇಟು ತೆರೆದು ಮನೆಯಲ್ಲೇ ಇರಿ, ಉಳಿದವರು ಹತ್ತಿರದ ಓಣಿಗಳನ್ನು ಹುಡುಕಿ. ಗ್ಯಾರೇಜು, ನಿಂತ ಗಾಡಿಗಳ ಅಡಿ, ಕಟ್ಟುತ್ತಿರುವ ಮನೆ ನೋಡಿ. ರಾತ್ರಿ ಸಪ್ಪಳ ಕಡಿಮೆಯಾದ ಮೇಲೆ ಮತ್ತೊಮ್ಮೆ ಹೋಗಿ. ನೀವು ಉಟ್ಟ ಬಟ್ಟೆ ಗೇಟಿನ ಹತ್ತಿರ ಹಾಕಿಡಿ. ಓಣಿಯ ವಾಟ್ಸಾಪ್ ಗುಂಪಿಗೆ ಫೋಟೊ ಕಳಿಸಿ, ಪಶುವೈದ್ಯರಿಗೆ, ಪಾಲಿಕೆಗೆ ತಿಳಿಸಿ.

ಇವೆಲ್ಲಕ್ಕಿಂತ ಮೊದಲೇ ಮಾಡಬೇಕಾದ್ದು ಒಂದಿದೆ. ಕೊರಳಪಟ್ಟಿಯ ಮೇಲೆ ಫೋನ್ ನಂಬರ್ ಬರೆಸಿ. ಸಾಧ್ಯವಿದ್ದರೆ ಗುರುತಿಗಾಗಿ ಚರ್ಮದಡಿ ಇಡುವ ಮೈಕ್ರೊಚಿಪ್ಪನ್ನೂ ಹಾಕಿಸಿ.

ಪಕ್ಕದ ಮನೆಯವರು ನಾಯಿಯನ್ನು ಬಿಟ್ಟೇ ಇರುತ್ತಾರೆ. ಏನು ಮಾಡಲಿ?

ಮೊದಲು ಹೋಗಿ ಮಾತಾಡಿ. ಸಿಟ್ಟು ಇಳಿದ ಹೊತ್ತಿನಲ್ಲಿ ಹೋಗಿ. “ಕಾಕಾ, ಮಕ್ಕಳು ಸಾಲಿಗೆ ಹೋಗೋ ಹೊತ್ತಿಗಿ ಒಂದಿಷ್ಟು ಒಳಗ ಹಾಕ್ರಿ” ಅಂತ ಹೊತ್ತು ಹಿಡಿದು ಕೇಳಿದರೆ ಬಹಳ ಜನ ಕೇಳುತ್ತಾರೆ. “ನಿಮ್ಮ ನಾಯಿ ಕಾಟ” ಅಂತ ಶುರು ಮಾಡಿದರೆ ಜಗಳವೇ. ಕೇಳದಿದ್ದರೆ ದಿನ, ಹೊತ್ತು, ಫೋಟೊ ಸಮೇತ ಪಾಲಿಕೆಗೆ ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಕಚ್ಚಿದರೆ ಅಥವಾ ಮೈಮೇಲೆ ಬಂದರೆ ಪೊಲೀಸರಿಗೆ ದೂರು ಕೊಡಿ, ತುರ್ತು ಇದ್ದರೆ 112.

ವಿಷ ಹಾಕುವ ಯೋಚನೆ ಮಾತ್ರ ಬೇಡ. ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಅದಕ್ಕೆ 5 ವರ್ಷದವರೆಗೆ ಜೈಲು ಇದೆ. ಗೇಟು ಹಾಕದ ಮನುಷ್ಯನ ತಪ್ಪಿಗೆ ನಾಯಿ ಯಾಕೆ ಸಾಯಬೇಕು?

ಬಿಟ್ಟ ನಾಯಿ ಎದುರಿಗೆ ಬಂದರೆ?

ಓಡಬೇಡಿ. ನಿಂತುಬಿಡಿ. ಕಣ್ಣಿಗೆ ಕಣ್ಣಿಟ್ಟು ನೋಡಬೇಡಿ, ಕೈ ಬೀಸಬೇಡಿ. ಬೆನ್ನು ತೋರಿಸದೆ ನಿಧಾನ ಹಿಂದೆ ಸರಿಯಿರಿ. ಬ್ಯಾಗು, ಛತ್ರಿ ಇದ್ದರೆ ಮುಂದೆ ಹಿಡಿಯಿರಿ. ಬೈಕಿನಲ್ಲಿದ್ದರೆ ವೇಗ ಕಡಿಮೆ ಮಾಡಿ. ಮಕ್ಕಳಿಗೆ ಇದನ್ನು ಮನೆಯಲ್ಲೇ ಒಮ್ಮೆ ಮಾಡಿ ತೋರಿಸಿ.

ಅಪಾರ್ಟ್‌ಮೆಂಟಿನಲ್ಲಿ ನಾಯಿ ಸಾಕಬೇಡಿ ಅಂತಾರೆ. ಹೇಳಬಹುದಾ?

ಪೂರ್ತಿ ನಿಷೇಧ ಹೇರುವಂತಿಲ್ಲ, ಲಿಫ್ಟ್ ಬಳಸಬೇಡಿ ಅನ್ನುವಂತಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಇದೆ. ಲಿಫ್ಟಿನಲ್ಲಿ, ಮೆಟ್ಟಿಲಲ್ಲಿ ಹಗ್ಗ ಹಿಡಿಯಿರಿ, ಗಲೀಜು ತೆಗೆಯಿರಿ. ಹೆದರುವವರು ಲಿಫ್ಟಿನಲ್ಲಿದ್ದರೆ ಮುಂದಿನದಕ್ಕೆ ಹೋಗಿ.

ಊರಿಗೆ ಹೋಗುವಾಗ ನಾಯಿಯನ್ನು ಯಾರಿಗೆ ಒಪ್ಪಿಸಬೇಕು?

ನಾಯಿಗೆ ಪರಿಚಯ ಇರುವವರಿಗೆ. ಹೋಗುವ ಮುಂಚೆ ಒಂದೆರಡು ದಿನ ಅವರೇ ಊಟ ಹಾಕಲಿ, ಗೇಟಿನ ಚಿಲಕ ಅವರೇ ಹಾಕಿ ನೋಡಲಿ. ಹೊಸ ಜಾಗಕ್ಕೆ ಬಿಟ್ಟ ನಾಯಿ ಮೊದಲ ಕೆಲವು ದಿನ ಮನೆ ಹುಡುಕಿಕೊಂಡು ಓಡುವುದು ಜಾಸ್ತಿ. ಹಗ್ಗವಿಲ್ಲದೆ ಹೊರಗೆ ತರಬೇಡಿ ಅಂತ ಅವರಿಗೆ ಗಟ್ಟಿಯಾಗಿ ಹೇಳಿ.

ಇನ್ನು ಸಾಕಲು ಆಗುತ್ತಿಲ್ಲ. ಎಲ್ಲಾದರೂ ಬಿಟ್ಟು ಬರಬಹುದಾ?

ಬರಬಾರದು. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಬಿಟ್ಟು ಬರುವುದು 1960ರ ಕಾಯ್ದೆಯಲ್ಲೇ ಅಪರಾಧ. ಬೈಪಾಸಿನ ಧಾಬಾಗಳ ಹತ್ತಿರ ಪಟ್ಟಿ ಇರುವ ನಾಯಿಗಳು ಪ್ರತಿ ಕಾರಿನ ಬಾಗಿಲು ನೋಡುತ್ತ ನಿಂತಿರುತ್ತವೆ. ಪರಿಚಯದವರಲ್ಲಿ, ಪಶುವೈದ್ಯರಲ್ಲಿ ಕೇಳಿ ಬೇರೆ ಮನೆ ಹುಡುಕಿ. ತಿಂಗಳು ಹಿಡಿಯಬಹುದು, ಅಲ್ಲಿಯವರೆಗೆ ಇಟ್ಟುಕೊಳ್ಳಿ. ಕೊಡುವಾಗ ಹೊಸ ಮನೆಗೆ ನೀವೇ ಹೋಗಿ ಗೋಡೆ, ಗೇಟು ನೋಡಿ. ಲಸಿಕೆ ಪುಸ್ತಕ ಒಪ್ಪಿಸಿ. ಕಚ್ಚಿದ್ದು, ಗೋಡೆ ಹಾರಿದ್ದು ಏನಾದರೂ ಇದ್ದರೆ ಮುಚ್ಚಿಡದೆ ಹೇಳಿ.